ಎಳ್ಳ ಅಮಾವಾಸ್ಯೆಯ ಮರುದಿನ ಏಳದ ಯಂತ್ರ

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿದೆ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭವಾಗುತ್ತದೆ.

ಬಸವಕಲ್ಯಾಣದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವಾಗ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಊರೊಳಗಿನವಳು, ಅವಳು ಪಕ್ಕದ ನಾರಾಯಣಪುರದಿಂದ ಬರುತ್ತಿದ್ದಳು. ಅಂಕದಲ್ಲಿ ನಾನೇ ಮುಂದಿದ್ದೆ. ಬೆಸುಗೆ ಹಾಕುವಾಗ ಅವಳ ಕೈ ನಡುಗುತ್ತಿತ್ತು, ಅವಳ ಬೋರ್ಡಿನ ಅರ್ಧ ಕೆಲಸ ನಾನೇ ಮಾಡಿಕೊಡುತ್ತಿದ್ದೆ. ಈಗ ಅವಳು ಬೇಳೆ ಆರಿಸುವ ಯಂತ್ರಗಳನ್ನು ತಯಾರಿಸುವ ಕಂಪನಿಯ ಸರ್ವಿಸ್ ಇಂಜಿನಿಯರು. ಕಲಬುರಗಿಯಲ್ಲಿ ಆಫೀಸು, ಓಡಾಡಲು ಬಿಳಿ ಕಾರು. ಆ ಕಾರನ್ನು ಅವಳೇ ನಡೆಸುತ್ತಾಳೆ. ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಕೆಂಪು ಬಸ್ಸಿನಲ್ಲಿ ಹೋಗಿ ಒಂದು ದಾಲ್ ಮಿಲ್ಲಿನಲ್ಲಿ ಅಂಥದೇ ಒಂದು ಯಂತ್ರವನ್ನು ನೋಡಿಕೊಳ್ಳುತ್ತೇನೆ. ಅವಳಿಗೆ ನೂರು ಯಂತ್ರ, ನನಗೆ ಒಂದು. ಆ ಒಂದರ ಮೇಲೂ ಅವಳ ಕಣ್ಣು ಬಿದ್ದಿದೆ ಎಂದು ನನಗೆ ಆಗ ಅನ್ನಿಸಿತ್ತು.

ಯಂತ್ರ ಇರುವುದು ಒಂದು ಗಾಜಿನ ಕೋಣೆಯಲ್ಲಿ. ಇಡೀ ಮಿಲ್ಲಿನಲ್ಲಿ ಧೂಳಿಲ್ಲದ, ತಂಪಾದ ಜಾಗ ಅದೊಂದೇ. ಮೇಲಿನಿಂದ ಬೇಳೆ ಜಾರಿ ಬೀಳುವಾಗ ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತವೆ. ಕಪ್ಪು ಕಾಳು, ಹರಳು ಕಂಡರೆ ಗಾಳಿ ಪುಸ್ಸೆಂದು ಊದಿ ಪಕ್ಕಕ್ಕೆ ತಳ್ಳುತ್ತದೆ. ಇದನ್ನೆಲ್ಲ ನಡೆಸುವುದು ಯಂತ್ರದ ಹೊಟ್ಟೆಯಲ್ಲಿರುವ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರು. ಅದರ ಮುಂದಿನ ಕುರ್ಚಿ ನನ್ನದು. ಚೀಲ ಹೊಲಿಯುವ ಹೆಣ್ಣುಮಕ್ಕಳು ನನ್ನನ್ನು ಇಂಜಿನೇರಬಾಯಿ ಎಂದು ಕರೆಯುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಿತವಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಈ ಯಂತ್ರಕ್ಕೊಂದು ಕೆಟ್ಟ ಚಾಳಿ ಹತ್ತಿತ್ತು. ಕೆಲವು ದಿನ ಬೆಳಿಗ್ಗೆ ಚಾಲೂ ಮಾಡಿದರೆ ಕಂಪನಿಯ ಚಿತ್ರ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಹೀಗೆ ಐದಾರು ಸಲ ಬಿದ್ದು ಎದ್ದು ಕೊನೆಗೆ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ನಿಲ್ಲುತ್ತಿತ್ತು. ಲಾಗ್ ತೆಗೆದು ನೋಡಿದರೆ ಬಿದ್ದದ್ದರ ಸುಳಿವೇ ಇರುತ್ತಿರಲಿಲ್ಲ. ಡಿಸ್ಕಿನಲ್ಲಿ ಬರೆದುಕೊಳ್ಳುವಷ್ಟು ಎಚ್ಚರವಾಗುವ ಮೊದಲೇ ಅದು ಬೀಳುತ್ತಿದ್ದರೆ ಬರೆಯುವುದಾದರೂ ಹೇಗೆ? ನಾನು ಪವರ್ ಸಪ್ಲೈ ಬದಲಿಸಿದೆ. ಮೆಮೊರಿ ಕಾರ್ಡು ಬಿಚ್ಚಿ ಒರೆಸಿ ಹಾಕಿದೆ. ಯುಪಿಎಸ್ಸಿನ ಬ್ಯಾಟರಿ ಹೊಸದು ತರಿಸಿದೆ. ಒಂದಿಷ್ಟು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ ತೆಗೆಯುತ್ತಿತ್ತು.

"ಬಾಯೇರ, ಅಮಾಸಿ ಮರುದಿನಾನೇ ಹಿಂಗ ಮಾಡ್ತದ ನೋಡ್ರಿ ಇದು. ಏನೋ ಸೋಕ್ಯಾದ ಇದಕ್ಕ" ಎಂದು ಹೆಣ್ಣುಮಕ್ಕಳು ಹೇಳಿದರು.

"ಕಾಗಿ ಕೂಡೋದಕ್ಕ, ಟೊಂಗಿ ಮುರಿಯೋದಕ್ಕ ಸಂಬಂಧ ಹಚ್ಚಬ್ಯಾಡ್ರಿ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಡಿಪ್ಲೊಮಾ ಓದಿದವಳು ಅಮಾವಾಸ್ಯೆಯ ಕಾಟ ಎಂದು ಕೂತರೆ ನಗುವುದಿಲ್ಲವೇ ಜನ.

ಇನ್ನು ಮಿಲ್ಲಿನ ಸಾವ್ಕಾರರು. ಮನುಷ್ಯ ಒಳ್ಳೆಯವರೇ, ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿ. ಯಂತ್ರ ಬಿದ್ದ ಕೂಡಲೇ ಕಂಪನಿಗೆ ಫೋನು ಮಾಡುತ್ತಿದ್ದರು. ಅವಳು ಕಲಬುರಗಿಯಿಂದ ಬಂದು ತಲುಪುವಷ್ಟರಲ್ಲಿ ಯಂತ್ರ ಎದ್ದು ಬೇಳೆ ಆರಿಸುತ್ತಿರುತ್ತಿತ್ತು. ಅವಳು ಅದು ಇದು ಪರೀಕ್ಷೆ ಮಾಡಿ, "ಎಲ್ಲಾ ಬರೋಬರಿ ಅದ" ಎಂದು ಹೇಳಿ ಹೋಗುತ್ತಿದ್ದಳು. ಸಾವ್ಕಾರರ ಲೆಕ್ಕದಲ್ಲಿ ಅದು ಅವಳ ಕೈಗುಣ.

"ಮೇಡಂ ಬಂದ್ರ ಮಶೀನೂ ಅಂಜತದ ನೋಡ್" ಎಂದು ನನ್ನೆದುರೇ ಹೇಳುತ್ತಿದ್ದರು. ಅವಳು ಮೇಡಂ, ನಾನು ತಂಗಿ. ಅವಳಿಗೆ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಾ, ನನಗೆ ಎಲ್ಲರ ಜೊತೆ ಸ್ಟೀಲಿನ ಗ್ಲಾಸು. ಅವಳು ಮಾತ್ರ ಬಂದವಳೇ ನನ್ನ ಹೆಗಲ ಮೇಲೆ ಕೈ ಹಾಕಿ, "ಹ್ಯಾಂಗಿದ್ದಿ ಬೇ, ಸೊರಗೀದಿ ಅಲ್ಲ?" ಎಂದು ಕೇಳುವಳು. ಆ ಕೈ ನನ್ನ ಹೆಗಲನ್ನು ಸುಡುತ್ತಿತ್ತು.

ಮನೆಗೆ ಬಂದರೆ ಅವ್ವನ ಬಾಯಲ್ಲೂ ಅವಳೇ. ಒಮ್ಮೆ ಅವಳು ತನ್ನ ಊರಿಗೆ ಹೋಗುವಾಗ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ ಅವ್ವನನ್ನು ಮಾತಾಡಿಸಿ ಹೋಗಿದ್ದಳು.

"ಎಷ್ಟ್ ದೊಡ್ಡಾಕಿ ಆಗ್ಯಾಳ, ಜರಾನೂ ಸೊಕ್ಕಿಲ್ಲ ನೋಡ್ ಅಕಿಗಿ" ಎಂದಳು ಅವ್ವ.

"ಹಂಗಾರ ಅಕಿನ್ನೇ ಮಗಳು ಮಾಡ್ಕೋ" ಎಂದೆ. ಅವತ್ತು ರಾತ್ರಿ ಊಟ ಬಿಟ್ಟು ಮಲಗಿದೆ. ಅವ್ವನಿಗೆ ಕಾರಣ ಹೊಳೆಯಲೇ ಇಲ್ಲ.

ಹೊಸ ತೊಗರಿ ಬರುವ ಹೊತ್ತಿಗೆ ಸಾವ್ಕಾರರು ನನ್ನನ್ನು ಕರೆದು ಕೂರಿಸಿ ಹೇಳಿಬಿಟ್ಟರು: "ತಂಗೀ, ಈ ಸುಗ್ಗ್ಯಾಗ ಮಶೀನ್ ಇನ್ನೊಂದ್ ಸಲ ಕೈ ಕೊಟ್ರ ನಾ ಅದನ್ನ ಪೂರಾ ಕಂಪನಿಗೇ ಒಪ್ಪಸ್ತೀನಿ. ಅವರ ಮಂದೀನೇ ಬಂದು ನೋಡ್ಕೋತಾರ. ನೀ ಫಿಕರ್ ಮಾಡಬ್ಯಾಡ, ಪ್ಯಾಕಿಂಗ್ ಕಡಿ ನಿನಗ ಕೆಲಸ ಇದ್ದೇ ಅದ."

ಪ್ಯಾಕಿಂಗ್ ಕಡೆ ಕೆಲಸವೆಂದರೆ ಬಾಗಿಲಲ್ಲಿ ನಿಂತು ಲಾರಿಗೆ ಹೋಗುವ ಚೀಲಗಳ ಲೆಕ್ಕಕ್ಕೆ ಪುಸ್ತಕದಲ್ಲಿ ಗೆರೆ ಎಳೆಯುವುದು. ಓದಿದ್ದೆಲ್ಲ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹೆಚ್ಚಿಗೆ ಉರಿದದ್ದು ಆ ಕಂಪನಿಯ ಮಂದಿ ಎಂದರೆ ಯಾರು ಎಂಬ ಯೋಚನೆ. ನನ್ನ ಗಾಜಿನ ಕೋಣೆಯಲ್ಲಿ, ನನ್ನ ಕುರ್ಚಿಯ ಮೇಲೆ, ಅವಳು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರಲ್ಲಿ ನಾಯಿ ಕೂಡ ಇರುವುದಿಲ್ಲ, ಎಲ್ಲ ಹೊಲಕ್ಕೆ. ಮಿಲ್ಲಿಗೆ ಪ್ರತಿ ಅಮಾವಾಸ್ಯೆಗೂ ರಜೆ ಇದ್ದೇ ಇತ್ತು. ನಾನೂ ಅವ್ವನೂ ದುಬಲಗುಂಡಿಯಲ್ಲಿ ಸೋದರಮಾವನ ಹೊಲಕ್ಕೆ ಹೋದೆವು. ಭೂತಾಯಿಗೆ ಎಡೆಯಾಗಿ ಪೈರಿನಲ್ಲಿ ಚರಗ ಚೆಲ್ಲಿ, ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಹೊಟ್ಟೆ ಬಿರಿಯುವಂತೆ ಉಂಡೆ. ಹಿಂದಿನ ದಿನ ಸಂಜೆ ಯಂತ್ರವನ್ನು ನನ್ನ ಕೈಯಾರೆ ನೇಮದಂತೆ ಬಂದ್ ಮಾಡಿದ್ದೆ, ಹಾಗಾಗಿ ಮನಸ್ಸು ನಿರಾಳವಾಗಿತ್ತು.

ಮರುದಿನ ಯಂತ್ರ ಏಳಲಿಲ್ಲ. ಐದಾರು ಸಲವಲ್ಲ, ಎಷ್ಟು ಸಲ ಬಿದ್ದರೂ ಏಳಲಿಲ್ಲ. ಹೊರಗೆ ತೊಗರಿ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲು ನಿಂತಿದ್ದವು. ನಾನು ಕೀಬೋರ್ಡು ಸಿಕ್ಕಿಸಿ, ಚಿತ್ರದ ಹಿಂದೆ ಅಡಗಿರುವ ಅಕ್ಷರಗಳು ಕಾಣುವಂತೆ ಮಾಡಿ ಕೂತೆ. ಸಾಲುಗಳು ಸರಸರ ಓಡಿ ಒಂದು ಕಡೆ ನಿಂತವು: ಡಿಸ್ಕ್ ತಪಾಸಣೆ, ನೂರಕ್ಕೆ ಇಷ್ಟು ಆಗಿದೆ, ಇಷ್ಟು ಆಗಿದೆ. ನಡುವೆಯೇ ಪರದೆ ಕಪ್ಪು. ಸಿಕ್ಕಿತು ಕಳ್ಳ ಎಂದುಕೊಂಡೆ. ಡಿಸ್ಕೇ ಸತ್ತಿದೆ. ಓಡಿಹೋಗಿ ಸಾವ್ಕಾರರಿಗೆ, "ಹೊಸಾ ಡಿಸ್ಕ್ ಬೇಕ್ರಿ, ಪುಣೆದಿಂದ ತರಸಬೇಕು" ಎಂದೆ.

ಅವರು ನನ್ನ ಮುಖ ನೋಡುತ್ತಲೇ ಫೋನು ಎತ್ತಿದರು. "ಮೇಡಂ, ಜಲ್ದಿ ಬರ್ರಿ. ನಮ್ ತಂಗಿ ಕೈಲಿ ಆಗವಲ್ದು" ಎಂದರು. ನೆಲ ಬಿರಿದರೆ ಅಲ್ಲೇ ಇಳಿದುಹೋಗುತ್ತಿದ್ದೆ.

ಅವಳು ಬಂದಳು. ಈ ಸಲ ಹೆಗಲ ಮೇಲೆ ಕೈ ಹಾಕಲಿಲ್ಲ. ಯಂತ್ರವನ್ನೂ ಮುಟ್ಟಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, ನನ್ನ ಕುರ್ಚಿಯನ್ನು ನನಗೇ ಬಿಟ್ಟು, "ಏನೇನ್ ನೋಡ್ದಿ, ಹೇಳು" ಎಂದಳು.

"ಡಿಸ್ಕ್ ಹೋಗ್ಯಾದ."

"ಹೋಗಿದ್ರ ಒಂದೇ ಕಡಿ ನಿಲ್ಲಬೇಕಲ್ಲ? ಎಷ್ಟಕ್ಕ ನಿಂತದ?"

"ಒಮ್ಮಿ ಮೂವತ್ತಕ್ಕ, ಒಮ್ಮಿ ನಲವತ್ತು ದಾಟಿ. ಒಂದ್ ಸಲ ಒಂದೊಂದು."

"ಮತ್ತ?"

ಆ ‘ಮತ್ತ’ ಕೇಳಿದ್ದೇ ತಡ, ನನ್ನ ತಲೆ ಕೆಟ್ಟಿತು. ಪರೀಕ್ಷೆಯಲ್ಲಿ ಮೇಷ್ಟ್ರು ಕೇಳಿದಂತೆ ಕೇಳುತ್ತಾಳಲ್ಲ, ನನ್ನ ಬೋರ್ಡು ನೋಡಿ ಬೆಸುಗೆ ಕಲಿತವಳು!

"ಮತ್ತೇನ್ ಮತ್ತ? ನೀನೇ ಹೇಳು, ಪಗಾರ ನಿನಗ ಕೊಡ್ತಾರ! ಅಮಾಸಿ ಮರುದಿನಾನೇ ಹಿಂಗಾಗ್ತದ ಅಂತ ಈ ಹೆಣ್ಮಕ್ಳು ಬಡ್ಕೋತಾವ. ನೀನೂ ಒಂದ್ ನಿಂಬಿಕಾಯಿ ಕಟ್ಟಿ ಹೋಗು. ಸಾವ್ಕಾರ್ರು ಅದಕ್ಕೂ ಶಾಬಾಶ್ ಅಂತಾರ!"

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಬ್ಬು ಗಂಟು ಹಾಕಿ, "ಖರೇನ? ಅಮಾಸಿ ಮರುದಿನಾನೇ?" ಎಂದು ಕೇಳಿದಳು. "ಅವತ್ತ ಇಲ್ಲಿ ಏನ್ ಮಾಡ್ತಾರ?"

"ಆಯಿ ಬಂದು ಪೂಜಿ ಮಾಡ್ತಾರ." ಆಯಿ ಎಂದರೆ ಸಾವ್ಕಾರರ ತಾಯಿ. ಮಿಲ್ಲಿನಲ್ಲಿ ಎಲ್ಲರಿಗೂ ಅವರು ಆಯಿಯೇ.

"ಹ್ಯಾಂಗ ಮಾಡ್ತಾರ, ನೀ ನೋಡೀದಿಯೇನು?"

ನಾನು ನೋಡಿರಲಿಲ್ಲ. ಅಮಾವಾಸ್ಯೆ ನನಗೆ ರಜೆ. ಪರದೆಯ ಕಡೆ ಮುಖ ತಿರುಗಿಸಿದೆ. ಅಲ್ಲಿ ತಪಾಸಣೆ ಮತ್ತೆ ಮೂವತ್ತರ ಆಚೆ ಹೋಗಿ ಕಪ್ಪಾಯಿತು. ಬೆಳಗಿನಿಂದ ಅದನ್ನೇ ನೋಡಿ ನೋಡಿ ನನ್ನ ಕಣ್ಣಿಗೆ ಒಂದು ತಾಳ ಕೂತಿತ್ತು. ಕಪ್ಪಾಗುವ ಕ್ಷಣ ಮೊದಲೇ ಗೊತ್ತಾಗಿಬಿಡುತ್ತಿತ್ತು. ಅಂಕಿ ಬೇರೆಬೇರೆ, ಆದರೆ ಹೊತ್ತು?

"ಟೈಮ್ ಒಂದೇ ಅದ" ಎಂದೆ. "ಎಷ್ಟಕ್ಕರ ನಿಲ್ಲಲಿ, ಪ್ರತಿ ಸಲ ಅಷ್ಟೇ ಟೈಮಿಗಿ ಬೀಳ್ತದ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ವಾಚ್‌ಡಾಗ್!" ಎಂದೆವು. ಅವಳು ಮೊದಲು ಅಂದಳೋ ನಾನು ಮೊದಲು ಅಂದೆನೋ, ಇವತ್ತಿಗೂ ನನಗೆ ಅನುಮಾನ. ನಾನೇ ಮೊದಲು ಎಂದುಕೊಂಡಿದ್ದೇನೆ.

ಇಂಥ ಕಂಪ್ಯೂಟರಿನ ಬೋರ್ಡಿನ ಮೇಲೆ ಒಂದು ಸಣ್ಣ ಗಡಿಯಾರವಿರುತ್ತದೆ, ಅದಕ್ಕೆ ವಾಚ್‌ಡಾಗ್ ಎನ್ನುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಅದು ಇಳಿಯೆಣಿಕೆ ಶುರು ಮಾಡುತ್ತದೆ. ಲಿನಕ್ಸು ಪೂರ್ತಿ ಎಚ್ಚರವಾದ ಮೇಲೆ ಆಗಾಗ ‘ಇದ್ದೇನೆ, ಇದ್ದೇನೆ’ ಎಂದು ಅದಕ್ಕೆ ಹೇಳುತ್ತಿರಬೇಕು. ಹೇಳದೆ ಹೋದರೆ, ಇದು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಅದು ಕಂಪ್ಯೂಟರನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ಹೊಲ ಕಾಯುವವನು ಕೂಗಿದಾಗ ಪಕ್ಕದ ಹೊಲದವನು ಓಗೊಡದಿದ್ದರೆ ಹೋಗಿ ಅಲುಗಾಡಿಸುವುದಿಲ್ಲವೇ, ಹಾಗೆ. ಒಳ್ಳೆಯದಕ್ಕೇ ಇಟ್ಟದ್ದು. ಆದರೆ ನಮ್ಮ ಯಂತ್ರ ಸಿಕ್ಕಿಹಾಕಿಕೊಂಡಿರಲಿಲ್ಲ, ಡಿಸ್ಕ್ ತಪಾಸಣೆ ಮಾಡುತ್ತ ಕೂತಿತ್ತು. ಆ ಕೆಲಸಕ್ಕೆ ಬೇಕಾದಷ್ಟು ಹೊತ್ತನ್ನು ವಾಚ್‌ಡಾಗ್ ಕೊಡುತ್ತಿರಲಿಲ್ಲ. ಮೊದಮೊದಲು ಡಿಸ್ಕಿನ ಒಂದೊಂದು ಭಾಗ ಒಂದೊಂದು ಸಲಕ್ಕೆ ಮುಗಿದು, ಐದಾರು ಬಿದ್ದೇಳುವಿಕೆಯಲ್ಲಿ ಹೇಗೋ ದಡ ಸೇರುತ್ತಿತ್ತು. ಈ ವರ್ಷ ಕಾಳಿನ ಚಿತ್ರಗಳು ತುಂಬಿ ತುಂಬಿ ಒಂದು ಭಾಗ ಎಷ್ಟು ದೊಡ್ಡದಾಗಿತ್ತೆಂದರೆ ಅದೊಂದೇ ಆ ಅವಧಿಯಲ್ಲಿ ಮುಗಿಯುತ್ತಿರಲಿಲ್ಲ.

ಬೋರ್ಡಿನ ಸೆಟ್ಟಿಂಗಿಗೆ ಹೋಗಿ ವಾಚ್‌ಡಾಗನ್ನು ಸದ್ಯಕ್ಕೆ ಕಟ್ಟಿಹಾಕಿದೆವು. ತಪಾಸಣೆ ಐವತ್ತು ದಾಟಿತು, ಎಂಬತ್ತು ದಾಟಿತು. ಸಾವ್ಕಾರರು ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತರಿಸಿದರು. ಇಬ್ಬರಿಗೂ ಚಾ ಬಂತು, ಅವಳಿಗೆ ಕಪ್ಪು-ಬಸಿಯಲ್ಲಿ. ನಾವು ತಿಂದು ಕೈ ತೊಳೆಯುವ ಹೊತ್ತಿಗೆ ನೂರಾಯಿತು. ಯಂತ್ರ ಎದ್ದಿತು. ಗಾಳಿ ಪುಸ್ ಎಂದ ಸದ್ದಿಗೆ ಹೊರಗಿನ ಹೆಣ್ಣುಮಕ್ಕಳು ಹೋ ಎಂದು ಕೂಗಿದರು.

"ಆದ್ರ ಡಿಸ್ಕಿಗಿ ತಪಾಸಣಿ ಯಾಕ ಬೇಕಾತು?" ಎಂದು ಅವಳು ಬಿಡಲಿಲ್ಲ. "ನೀ ಬರೋಬರಿ ಬಂದ್ ಮಾಡಿ ಹೋಗೀದಿ. ಕರೆಂಟ್ ಹೋದ್ರ ಯುಪಿಎಸ್ ಅದ. ನಡಿ, ಆಯೀನ್ನ ಕೇಳೂಣು."

ಆಯಿ ಮಿಲ್ಲಿನ ಹಿಂದಿನ ಮನೆಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಪೂಜೆಯ ಬಗ್ಗೆ ಇದುವರೆಗೆ ಯಾರೂ ಕೇಳಿಯೇ ಇರಲಿಲ್ಲವೆಂಬಂತೆ ಹಿಗ್ಗಿ ಹೇಳಿದರು: "ನೋಡವಾ, ನಿಂತ ಮಶೀನಿಗಿ ಪೂಜಿ ಮಾಡಬಾರ್ದು, ಅದು ಹೆಣದ ಲೆಕ್ಕ. ನಡಿಯೋ ಮಶೀನಿನ ಮುಂದ ಕಾಯಿನೂ ಒಡಿಬಾರ್ದು. ಅದಕ್ಕ ನಾ ವಾಚ್ಮನ್‌ಗ ಹೇಳಿ ಮಶೀನ್ ಚಾಲೂ ಮಾಡಸ್ತೀನಿ, ಒಂದ್ ಬೊಗಸಿ ತೊಗರಿ ಹಾಕ್ತೀನಿ. ಅದು ಉಂಡಿದ್ದ ನೋಡಿ ಮೇನ್ ಹ್ಯಾಂಡಲ್ ನಾನೇ ಕೈಲೆ ಜಗ್ಗತೀನಿ. ಅದರ ಬ್ಯಾಟರೀನೂ ಬಂದ್. ಆಮ್ಯಾಲ ಕುಂಕುಮ, ಕಾಯಿ, ನೀರು. ನಮ್ಮ ಅತ್ತಿ ಗಿರಣಿಗಿ ಹಿಂಗೇ ಮಾಡ್ತಿದ್ರು. ಒಂದ್ ಅಮಾಸಿನೂ ತಪ್ಪಿಸಿಲ್ಲ ನಾ!"

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ಓಡುತ್ತಿರುವ ಕಂಪ್ಯೂಟರಿನ ಉಸಿರನ್ನು ತಿಂಗಳಿಗೊಮ್ಮೆ ಭಕ್ತಿಯಿಂದ ಹಿಚುಕುತ್ತಿದ್ದರು. ಹಾಗೆ ಒಮ್ಮೆಲೇ ಕರೆಂಟು ಕಿತ್ತುಕೊಂಡರೆ ಮರುದಿನ ಏಳುವಾಗ ಅದು ಇಡೀ ಡಿಸ್ಕಿನ ತಪಾಸಣೆಗೆ ಕೂರುತ್ತದೆ. ನಾನು ಅಲ್ಲೇ ಕೆಲಸ ಮಾಡುವವಳು, ದಿನಾ ಬಾಯಿ ಬಿಟ್ಟು ಹೇಳುತ್ತಿದ್ದ ಜನರ ನಡುವೆ ಇರುವವಳು, ಕೇಳಲಿಲ್ಲ. ಎಲ್ಲಿಂದಲೋ ಬಂದ ಇವಳು ಕೇಳಿದಳು. ಅದಕ್ಕೂ ನನಗೆ ಅವಳ ಮೇಲೆಯೇ ಸಿಟ್ಟು ಬಂತು.

"ಹ್ಯಾಂಡಲ್ ಜಗ್ಗೋದು ಬಿಡ್ರಿ ಆಯಿ" ಎಂದರೆ ಆಯಿ ಕೇಳುವವರೇ? "ನಾ ಇರೋತನಕ ಆಗಂಗಿಲ್ಲ" ಎಂದುಬಿಟ್ಟರು. ಕೊನೆಗೆ ಒಪ್ಪಂದವಾಯಿತು. ಯಂತ್ರ ಬೊಗಸೆ ತೊಗರಿ ತಿಂದ ಮೇಲೆ ಪರದೆಯ ಮೇಲೆ ಬಂದ್ ಮಾಡುವವಳು ನಾನು, ಪರದೆ ಆರಿದ ಮೇಲೆ ಹ್ಯಾಂಡಲ್ ಜಗ್ಗುವವರು ಆಯಿ. ಅಂದರೆ ಇನ್ನು ಮೇಲೆ ಅಮಾವಾಸ್ಯೆಗೆ ನನಗೆ ರಜೆ ಇಲ್ಲ.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಉಳಿದ ಕೆಲಸ ಮುಗಿಸಿದೆವು. ವಾಚ್‌ಡಾಗನ್ನು ಕಟ್ಟಿಹಾಕಿಯೇ ಬಿಟ್ಟರೆ ನಿಜವಾಗಿ ಯಂತ್ರ ಸಿಕ್ಕಿಹಾಕಿಕೊಂಡಾಗ ಎಬ್ಬಿಸುವವರು ಯಾರು? ಅದನ್ನು ಮತ್ತೆ ಬಿಟ್ಟೆವು, ಅವಧಿ ಹೆಚ್ಚಿಸಿದೆವು, ತಪಾಸಣೆ ನಡೆಯುವಾಗಲೂ ಅದಕ್ಕೆ ಓಗೊಡುವ ಪ್ರೋಗ್ರಾಮು ಎಲ್ಲಕ್ಕಿಂತ ಮೊದಲು ಏಳುವಂತೆ ಮಾಡಿದೆವು. ಹಳೆಯ ಚಿತ್ರಗಳನ್ನು ಅಳಿಸಿದೆವು. ಆಮೇಲೆ ಬೇಕೆಂದೇ ಆಯಿಯಂತೆ ಹ್ಯಾಂಡಲ್ ಜಗ್ಗಿ ನೋಡಿದೆವು. ಯಂತ್ರ ನಿಧಾನಕ್ಕೆ ತಪಾಸಣೆ ಮಾಡಿಕೊಂಡು, ಒಂದು ಸಲವೂ ಬೀಳದೆ ಎದ್ದಿತು.

ಸಾವ್ಕಾರರು ಬಾಗಿಲಲ್ಲಿ ನಿಂತು, "ಮೇಡಂ, ಏನಾಗಿತ್ತು? ನೀವು ಹ್ಯಾಂಗ ಹಿಡದ್ರಿ?" ಎಂದು ಕೇಳಿದರು. ನಾನು ಹಲ್ಲು ಕಚ್ಚಿ ತಯಾರಾದೆ.

"ನಾ ಅಲ್ರಿ, ಇಕಿ ಹಿಡದಳು" ಎಂದಳು ಅವಳು. "ಇಷ್ಟ್ ದಿನ ಬಂದು ಹೋದ್ರೂ ನನಗ ತಿಳೀಲಿಲ್ಲ. ಅಮಾಸಿ ಅಂತ ಹೇಳಿದಾಕಿನೂ ಇಕಿ, ಟೈಮ್ ಒಂದೇ ಅದ ಅಂತ ನೋಡಿದಾಕಿನೂ ಇಕಿ. ಕಂಪನಿಗಿ ಒಪ್ಪಸ್ತೀನಿ ಅಂತ ನನಗ ಫೋನಿನ್ಯಾಗ ಹೇಳಿದ್ರಲ್ಲ, ಬ್ಯಾಡ್ರಿ ಅದು. ನಾವು ಕಲಬುರಗಿದಿಂದ ಬರೋತನ ನಿಮ್ಮ ತೊಗರಿ ನಿಂತಿರ್ತದ. ಇಕಿ ಇರೋ ಮಿಲ್ಲಿಗಿ ನಾವು ಬೇಕಾಗಂಗಿಲ್ಲ ಅಂತ ನಾನೇ ಆಫೀಸಿಗಿ ಹೇಳ್ತೀನಿ."

ಸಾವ್ಕಾರರು ನನ್ನನ್ನು ಮೊದಲ ಸಲ ಕಂಡವರಂತೆ ನೋಡಿದರು. "ಹಂಗಾರ ನೀನೇ ನೋಡ್ಕೋ ತಂಗೀ, ಇನ್ನ ಕಂಪನಿ ಮಾತಿಲ್ಲ" ಎಂದರು. ಕುರ್ಚಿ ಉಳಿಯಿತು. ಗಾಜಿನ ಕೋಣೆ ಉಳಿಯಿತು. ಕುಣಿದಾಡಬೇಕಾಗಿತ್ತು ನಾನು. ಹೊಟ್ಟೆಯೊಳಗೆ ಮಾತ್ರ ಕೊಳ್ಳಿ ಇಟ್ಟಂತಾಗಿತ್ತು. ನನಗೆ ಬೇಕಾದದ್ದೆಲ್ಲ ಸಿಕ್ಕಿತು, ಅವಳ ಕೈಯಿಂದ ಸಿಕ್ಕಿತು. ಕಾರು, ಪಗಾರ, ಮೇಡಂ ಎನ್ನಿಸಿಕೊಳ್ಳುವುದು ಸಾಲದೆಂದು ದೇವರು ಅವಳಿಗೆ ಒಳ್ಳೆಯತನವನ್ನೂ ನನಗಿಂತ ಒಂದು ಸೇರು ಜಾಸ್ತಿಯೇ ಅಳೆದು ಕೊಟ್ಟಿದ್ದಾನೆ. ಇದು ಯಾವ ಸೀಮೆಯ ನ್ಯಾಯ?

ಸಂಜೆ ಅವಳು ನನ್ನನ್ನು ಬಸ್ ನಿಲ್ದಾಣದ ತನಕ ಕಾರಿನಲ್ಲಿ ಬಿಟ್ಟಳು. ದಾರಿಯುದ್ದಕ್ಕೂ ಆಯಿಯ ಮಾತು ನೆನೆಸಿ ನೆನೆಸಿ ನಗುತ್ತಿದ್ದಳು. ನಾನು ಇಳಿಯುವಾಗ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಒಂದ್ ಮಾತ್ ಕೇಳ್ತೀನಿ, ಖರೇ ಹೇಳು. ಕಾಲೇಜಿನ್ಯಾಗರ ಇರ್ಲಿ, ಈಗರ ಇರ್ಲಿ, ನನ್ನ ಮ್ಯಾಲ ನಿನಗ ಯಾವತ್ತರ ಹೊಟ್ಟಿಕಿಚ್ಚು ಆಗ್ಯಾದೇನು?"

ತಮಾಷೆ ಮಾಡಿ ತೇಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸ್ಟಿಯರಿಂಗ್ ಮೇಲೆ ಕೈ ಇಟ್ಟು ನಿಜವಾಗಿಯೂ ಯೋಚಿಸಿದಳು. ಮೊದಲಿಂದ ಕೊನೆತನಕ ಹುಡುಕಿದಳು ಎನ್ನಿಸಿತು.

"ಇಲ್ಲ ಬೇ" ಎಂದಳು. "ಯಾವತ್ತೂ ಆಗಿಲ್ಲ. ಯಾಕ, ನಿನಗ ನನ್ನ ಮ್ಯಾಲ ಆಗ್ಯಾದೇನು?"

"ಛೇ, ನನಗ್ಯಾಕ?" ಎಂದೆ.

ಅವಳು ಅದನ್ನು ನಂಬಿದಳು.